ಓದುಗರ ಪ್ರಶ್ನೆ–ಉತ್ತರ: ಮೊಬೈಲ್ ಹಿಡಿದು ಜನಗಣತಿಗೆ ಬಂದಾಗ ಏನು ಹೇಳಬೇಕು?

ಜನಗಣತಿ ಬಗ್ಗೆ ಏನೇ ಅನುಮಾನ ಇದ್ದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಕಲಬುರಗಿ, ಬೀದರ್, ಯಾದಗಿರಿ, ಮೂರೂ ಜಿಲ್ಲೆಗಳಿಂದ ಪ್ರಶ್ನೆಗಳು ಬಂದಿವೆ. ಪತ್ರಗಳಿಗಿಂತ ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸಿದವರೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಉತ್ತರಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ. ನಮ್ಮಲ್ಲಿ ಕೊನೆಯ ಗಣತಿ ಆಗಿದ್ದು 2011ರಲ್ಲಿ. 2021ರಲ್ಲಿ ಆಗಬೇಕಿದ್ದು ಕೊರೋನಾದಿಂದ ನಿಂತುಹೋಯಿತು. ಈಗಿನದು 2027ರ ಗಣತಿ. ಅದರ ಅಧಿಸೂಚನೆ 2025ರ ಜೂನ್ 16ರಂದು ಹೊರಬಿತ್ತು. ಇದರಲ್ಲಿ ಎರಡು ಹಂತ. ಮೊದಲು ಮನೆಪಟ್ಟಿ: 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಪ್ರತಿ ರಾಜ್ಯವೂ ತನಗೆ ಹೊಂದುವ 30 ದಿನ ಆರಿಸಿಕೊಂಡು ಮಾಡುತ್ತದೆ. ಆಮೇಲೆ ಜನರ ಎಣಿಕೆ: 2027ರ ಫೆಬ್ರವರಿಯಲ್ಲಿ. ಫೆಬ್ರವರಿ 28 ಮುಗಿದು ಮಾರ್ಚ್ 1 ಶುರುವಾಗುವ ನಡುರಾತ್ರಿ ದೇಶದಲ್ಲಿ ಎಷ್ಟು ಜನ ಇದ್ದರು ಎಂಬುದೇ ಲೆಕ್ಕ. ಹಿಮ ಬೀಳುವ ಕೆಲವು ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಕಾಗದದ ಫಾರಂ ಜಾಗಕ್ಕೆ ಈ ಸಲ ಮೊಬೈಲ್ ಆ್ಯಪ್ ಬಂದಿದೆ. ದೇಶದಲ್ಲಿ ಹೀಗೆ ಆಗುತ್ತಿರುವುದು ಇದೇ ಮೊದಲು.

ಪ್ರಶ್ನೆ: ಹೋದ ವರ್ಷ ದಸರಾ ಹೊತ್ತಿಗೆ ಮಾಸ್ತರರು ಮೊಬೈಲ್ ಹಿಡಿದು ಬಂದು ಎಲ್ಲಾ ಬರಕೊಂಡು ಹೋದರು. ಅದಕ್ಕೂ ಮುಂಚೆ ಮೀಟರ್ ರೀಡಿಂಗ್‌ನವರು ಬಂದು ಮನೆಗೆ ಸ್ಟಿಕರ್ ಹಚ್ಚಿದ್ದರು. ಈಗ ಮತ್ತೆ ಬರ್ತಾರೆ ಅಂತೀರಿ. ಇದು ಅದೇ ಅಲ್ವಾ? — ಆಳಂದ

ಉತ್ತರ: ಅಲ್ಲ. ಎರಡೂ ಬೇರೆ ಬೇರೆ. ಹೋದ ವರ್ಷ ಬಂದಿದ್ದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಅದು 2025ರ ಸೆಪ್ಟೆಂಬರ್ 22ರಂದು ಶುರುವಾಯಿತು. ಅದಕ್ಕೆ ಉತ್ತರ ಕೊಡುವುದು ಬಿಡುವುದು ಜನರ ಇಷ್ಟ ಎಂದು ಹೈಕೋರ್ಟ್ ಹೇಳಿತ್ತು. ಜನಗಣತಿ ಹಾಗಲ್ಲ. ಇದು ಕೇಂದ್ರ ಸರ್ಕಾರದ ಕೆಲಸ, 1948ರ ಜನಗಣತಿ ಕಾಯ್ದೆಯ ಪ್ರಕಾರ ನಡೆಯುತ್ತದೆ. ಕೇಳಿದ ಪ್ರಶ್ನೆಗೆ ತಿಳಿದಷ್ಟು ಸರಿಯಾಗಿ ಉತ್ತರ ಕೊಡಲೇಬೇಕು. ಬೇಕೆಂದೇ ಕೊಡದಿದ್ದರೆ ಅಥವಾ ಸುಳ್ಳು ಹೇಳಿದರೆ 1000 ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶ ಇದೆ.

ಮತ್ತೆ ಮತ್ತೆ ಕೇಳಿದರೆ ಬೇಸರ ಬರುತ್ತದೆ, ಗೊತ್ತು. ಆದರೆ "ನಮ್ಮದು ಆಗಲೇ ಆಗಿದೆ" ಎಂದು ಬಾಗಿಲಿನಿಂದಲೇ ವಾಪಸ್ ಕಳಿಸಬೇಡಿ. ಆಗ ಕೊಟ್ಟ ಮಾಹಿತಿ ಈ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ನಮ್ಮದು ತಾಂಡಾ. ತೊಗರಿ ರಾಶಿ ಮುಗಿದ ಮೇಲೆ ಮಗ, ಸೊಸೆ, ದೊಡ್ಡ ಮೊಮ್ಮಗ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗ್ತಾರೆ. ಮತ್ತೆ ಬರೋದು ಯುಗಾದಿಗೆ. ಫೆಬ್ರವರಿಯಲ್ಲಿ ಮನೇಲಿ ನಾನು, ಮನೆಯಾಕೆ, ಸಣ್ಣ ಮೊಮ್ಮಗಳು ಇಷ್ಟೇ ಜನ. ಅವರ ಹೆಸರೂ ನಾನೇ ಬರೆಸಿದರೆ ನಡೆಯುತ್ತಾ? ಬರೆಸದಿದ್ದರೆ ರೇಷನ್ ಕಾರ್ಡಿನಿಂದ ತೆಗೀತಾರಾ? — ಯಾದಗಿರಿ ತಾಲ್ಲೂಕು

ಉತ್ತರ: ಕಾಕಾ, ಇದು ನಿಮ್ಮ ಒಬ್ಬರ ಪ್ರಶ್ನೆ ಅಲ್ಲ. ಯಾದಗಿರಿ, ಸುರಪುರ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಇದೇ ಮಾತು ಬಂದಿದೆ. ನಮ್ಮ ಭಾಗದಿಂದ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್, ಗೋವಾಕ್ಕೆ ದುಡಿಯಲು ಹೋಗುವವರು ಊರು ಬಿಟ್ಟಿರುವ ಹೊತ್ತಿಗೇ ಗಣತಿ ಬರುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಹಂತದಲ್ಲಿ ಮನೆಯ ಬಗ್ಗೆ ಕೇಳುತ್ತಾರೆ. ಅಲ್ಲಿ "ಈ ಕುಟುಂಬದಲ್ಲಿ ಸಾಮಾನ್ಯವಾಗಿ ಇರುವವರು ಎಷ್ಟು ಜನ" ಎಂಬ ಪ್ರಶ್ನೆ ಇದೆ. ಅದು ಒಟ್ಟು ಸಂಖ್ಯೆ ಮಾತ್ರ. ಒಬ್ಬೊಬ್ಬರ ಹೆಸರು, ವಯಸ್ಸು, ಕೆಲಸ, ಓದು ಎಲ್ಲಾ ಬರುವುದು ಎರಡನೇ ಹಂತದಲ್ಲಿ. ನಿಮ್ಮ ಪ್ರಶ್ನೆ ಇರುವುದು ಅಲ್ಲಿ.

ಎರಡನೇ ಹಂತದ ನಿಯಮ ಹೀಗಿದೆ. ಎಣಿಕೆ ನಡೆಯುವ ಅಷ್ಟೂ ದಿನ ಒಬ್ಬ ಮನುಷ್ಯ ಊರಲ್ಲಿ ಇಲ್ಲ ಅಂದರೆ ಅವನನ್ನು ಊರಲ್ಲಿ ಎಣಿಸುವುದಿಲ್ಲ, ಅವನು ಇರುವ ಕಡೆ ಎಣಿಸುತ್ತಾರೆ. ಆ ದಿನಗಳಲ್ಲಿ ಸ್ವಲ್ಪ ದಿನವಾದರೂ ಮನೆಯಲ್ಲಿದ್ದ, ಅಥವಾ ಎಣಿಕೆ ಮುಗಿಯುವುದರೊಳಗೆ ಖಂಡಿತ ಬರುತ್ತಾನೆ ಅಂದರೆ ಮನೆಯಲ್ಲೇ ಬರೆಸಬಹುದು. ಹಾಗಾಗಿ ಯುಗಾದಿಗೆ ಬರುವ ಮಗ, ಸೊಸೆ, ಮೊಮ್ಮಗನನ್ನು ನೀವು ಬರೆಸುವ ಹಾಗಿಲ್ಲ. ಅವರು ಬೆಂಗಳೂರಿನಲ್ಲಿ ಬರೆಸಬೇಕು. ನಿಮ್ಮ ಹತ್ತಿರ ಇರುವ ಮೊಮ್ಮಗಳು ನಿಮ್ಮ ಮನೆಯ ಲೆಕ್ಕಕ್ಕೆ ಬರುತ್ತಾಳೆ, ಅವಳನ್ನು ಮರೆಯಬೇಡಿ. ಅಪ್ಪ ಅವ್ವ ಊರಲ್ಲಿಲ್ಲ ಎಂದು ಅಜ್ಜ ಅಜ್ಜಿ ಮಕ್ಕಳ ಹೆಸರು ಹೇಳದೇ ಇರುವುದು, ಅಲ್ಲಿ ಅಪ್ಪ ಅವ್ವನೂ ಹೇಳದೇ ಇರುವುದು, ಹೀಗೆ ಎರಡೂ ಕಡೆಯಿಂದ ಮಗು ತಪ್ಪಿಹೋಗುತ್ತದೆ.

ನನಗೆ ಚಿಂತೆ ಇರುವುದು ಇಲ್ಲೇ. ನಿಯಮ ಸರಿ ಇದೆ. ಆದರೆ ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಗಣತಿದಾರರು ಹೋಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿರುತ್ತಾರೆ, ಗುತ್ತಿಗೆದಾರ "ಇಲ್ಲಿ ಯಾರೂ ಕಾಯಂ ಇಲ್ಲ" ಎಂದು ಹೇಳಿ ಕಳಿಸಿಬಿಡಬಹುದು, ಊರಲ್ಲಿ ಅಪ್ಪನೂ "ಅವರು ಅಲ್ಲಿ ಬರೆಸ್ತಾರೆ" ಅಂದುಕೊಂಡು ಸುಮ್ಮನಿದ್ದರೆ ಆ ಸಂಸಾರ ಎಲ್ಲೂ ಇಲ್ಲದ ಹಾಗೆ ಆಗುತ್ತದೆ. ಶೆಡ್ಡೂ ಗಣತಿಯ ಪ್ರಕಾರ ಮನೆಯೇ. ಮನೆಯೇ ಇಲ್ಲದೆ ರಸ್ತೆ ಬದಿ, ಸ್ಟೇಷನ್, ಸೇತುವೆ ಕೆಳಗೆ ಮಲಗುವವರನ್ನು ಎಣಿಸಲು ಬೇರೆಯಾಗಿ ಒಂದು ರಾತ್ರಿಯನ್ನೇ ಇಡುತ್ತಾರೆ. 2011ರಲ್ಲಿ ಅದು ಫೆಬ್ರವರಿ 28ರ ರಾತ್ರಿ ಆಗಿತ್ತು.

ಆದ್ದರಿಂದ ಇಷ್ಟು ಮಾಡಿ. ಫೆಬ್ರವರಿ ಬಂದ ಕೂಡಲೇ ಮಗನಿಗೆ ಫೋನ್ ಹಚ್ಚಿ ಹೇಳಿ: ಗಣತಿಯವರು ಬರಲಿಲ್ಲ ಅಂದರೆ ಅಲ್ಲಿನ ವಾರ್ಡ್ ಆಫೀಸಿಗೆ ಹೋಗಿ ಕೇಳು, ಮೇಸ್ತ್ರಿಗೆ ಮೊದಲೇ ಹೇಳಿಡು. ಹುಟ್ಟಿದ ಊರು ಕೇಳಿದರೆ ಯಾದಗಿರಿ ಜಿಲ್ಲೆ ಎಂದೇ ಹೇಳಲಿ. 2011ರಲ್ಲಿ ಹುಟ್ಟಿದ ಜಾಗ, ಹಿಂದೆ ಇದ್ದ ಜಾಗ, ಅಲ್ಲಿಂದ ಬಿಟ್ಟು ಬಂದ ಕಾರಣ, ಬಂದು ಎಷ್ಟು ವರ್ಷ ಆಯಿತು, ಇಷ್ಟನ್ನೂ ಕೇಳಿದ್ದರು. ನಮ್ಮ ಜಿಲ್ಲೆಯಿಂದ ಎಷ್ಟು ಜನ ಕೆಲಸಕ್ಕಾಗಿ ಊರು ಬಿಟ್ಟರು ಎಂಬುದು ಸರ್ಕಾರಕ್ಕೆ ಗೊತ್ತಾಗುವುದು ಈ ಉತ್ತರಗಳಿಂದಲೇ. ತಾಂಡಾದ ನಾಯಕರು, ಪಂಚಾಯಿತಿ ಸದಸ್ಯರು ಜನವರಿಯಲ್ಲೇ ದುಡಿಯಲು ಹೋಗುವವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಂಡು ಒಂದು ಸಲ ಎಲ್ಲರಿಗೂ ಫೋನ್ ಮಾಡಿದರೆ ದೊಡ್ಡ ಉಪಕಾರ ಆಗುತ್ತದೆ. ದಯವಿಟ್ಟು ಮಾಡಿ.

ರೇಷನ್ ಕಾರ್ಡಿನ ಹೆದರಿಕೆ ಬೇಡ. ಗಣತಿಯಲ್ಲಿ ಹೇಳಿದ್ದನ್ನು ನೋಡಿ ಯಾರ ಕಾರ್ಡನ್ನೂ ತೆಗೆಯುವುದಿಲ್ಲ. ಒಬ್ಬರ ಮನೆಯ ಮಾಹಿತಿಯನ್ನು ಬೇರೆಯವರಿಗೆ ತೋರಿಸುವ ಹಾಗಿಲ್ಲ, ಕೋರ್ಟಿನಲ್ಲಿ ಸಾಕ್ಷಿ ಎಂದು ತರುವ ಹಾಗೂ ಇಲ್ಲ. ಅದು ಕಾಯ್ದೆಯ 15ನೇ ಕಲಂ.

ಪ್ರಶ್ನೆ: ನಾವು ಅಣ್ಣ ತಮ್ಮಂದಿರು ಒಂದೇ ಹಳೇ ಮನೇಲಿ ಇದ್ದೀವಿ. ತಲೆಬಾಗಿಲು ಒಂದೇ. ಅಡುಗೆ ಬೇರೆ ಬೇರೆ. ಒಂದು ಕುಟುಂಬ ಅಂತ ಬರೆಸಬೇಕಾ, ಎರಡು ಅಂತಾನಾ? — ಬಸವಕಲ್ಯಾಣ

ಉತ್ತರ: ಎರಡು. ಗಣತಿಯಲ್ಲಿ ಕುಟುಂಬ ಅಂದರೆ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಒಲೆ ಬೇರೆಯಾದರೆ ಕುಟುಂಬ ಬೇರೆ. ಆಸ್ತಿ ಪಾಲಾಗಿದೆಯೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧ ಇಲ್ಲ, ನಾಳೆ ಪಾಲು ಕೇಳುವಾಗ ಇದು ದಾಖಲೆಯೂ ಆಗುವುದಿಲ್ಲ. ಮನೆಯಲ್ಲಿ ಜಗಳಕ್ಕೆ ಕಾರಣ ಬೇಡ.

ಪ್ರಶ್ನೆ: ಮೊದಲ ಹಂತದಲ್ಲಿ ಏನೇನು ಕೇಳ್ತಾರೆ? ಮನೇಲಿ ಏನು ಉಣ್ತೀರಿ ಅಂತಾನೂ ಕೇಳ್ತಾರಂತೆ, ನಿಜಾನಾ? ನಾವು ಹೊತ್ತಿಗೆ ರೊಟ್ಟಿನೂ ತಿಂತೀವಿ, ಅನ್ನನೂ ತಿಂತೀವಿ. — ಕಲಬುರಗಿ ನಗರ

ಉತ್ತರ: ನಿಜ ಅಕ್ಕಾ. 2026ರ ಜನವರಿ 22ರಂದು 33 ಪ್ರಶ್ನೆಗಳ ಪಟ್ಟಿ ಹೊರಬಿತ್ತು. ಅದರಲ್ಲಿ ಮನೆಯಲ್ಲಿ ಮುಖ್ಯವಾಗಿ ಯಾವ ಧಾನ್ಯ ಬಳಸುತ್ತೀರಿ ಎಂಬುದೂ ಒಂದು. ಯಾವುದು ಜಾಸ್ತಿ ಖರ್ಚಾಗುತ್ತದೋ ಅದನ್ನು ಹೇಳಿ. ತಿಂಗಳಿಗೆ ಜೋಳ ಎಷ್ಟು ಹಿಟ್ಟಿನ ಗಿರಣಿಗೆ ಹೋಗುತ್ತದೆ, ಅಕ್ಕಿ ಎಷ್ಟು ಬೇಯುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಜೋಳ ಅಂದರೆ ಬಡತನ, ಅಕ್ಕಿ ಗೋಧಿ ಅಂದರೆ ಘನತೆ ಎಂದುಕೊಂಡು ಬದಲಾಯಿಸಿ ಹೇಳಬೇಡಿ. ಜೋಳ ಬೆಳೆದು ಜೋಳ ಉಣ್ಣುವ ನಾಡು ನಮ್ಮದು, ಲೆಕ್ಕದಲ್ಲೂ ಅದು ಕಾಣಲಿ.

ಉಳಿದವು ಮನೆ ಮತ್ತು ಸೌಲಭ್ಯದ ಬಗ್ಗೆ. ನೆಲ, ಗೋಡೆ, ಛಾವಣಿ ಯಾವುದರದು? ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಕಲ್ಲು ಎಂದೇ ಹೇಳಿ. ಮಣ್ಣಿನ ಮಾಳಿಗೆ ಇದ್ದರೆ ಹಾಗೇ ಹೇಳಿ, ತಗಡು ಇದ್ದರೆ ತಗಡು. ಮನೆ ಸ್ವಂತದ್ದೋ ಬಾಡಿಗೆಯೋ, ಕೋಣೆ ಎಷ್ಟು, ಅದರಲ್ಲಿ ಮದುವೆಯಾದ ಜೋಡಿ ಎಷ್ಟು, ಕುಡಿಯುವ ನೀರು ಎಲ್ಲಿಂದ, ದೀಪ ಯಾವುದು, ಶೌಚಾಲಯ ಇದೆಯಾ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅಡುಗೆಗೆ ಗ್ಯಾಸೋ ಸೌದೆಯೋ, ರೇಡಿಯೊ, ಟಿವಿ, ಇಂಟರ್ನೆಟ್, ಕಂಪ್ಯೂಟರ್, ಫೋನ್, ಸೈಕಲ್, ಬೈಕ್, ಕಾರು. ಕೊನೆಗೆ ಒಂದು ಮೊಬೈಲ್ ನಂಬರ್.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಶೌಚಾಲಯದ ಪ್ರಶ್ನೆಗೆ ಬಹಳ ಜನ ನಾಚಿಕೆಯಿಂದ ಇದೆ ಎಂದುಬಿಡುತ್ತಾರೆ. ಕಟ್ಟಿದ್ದಾರೆ, ನೀರಿಲ್ಲ, ಒಳಗೆ ಸೌದೆ ಒಟ್ಟಿದ್ದಾರೆ, ಮನೆಯ ಹೆಣ್ಣುಮಕ್ಕಳು ಈಗಲೂ ಕತ್ತಲಾಗುವುದನ್ನೇ ಕಾಯುತ್ತಾರೆ. ಹಾಗಿದ್ದರೆ ಹಾಗೇ ಹೇಳಿ. ನೀರಿನ ಪ್ರಶ್ನೆಯೂ ಅಷ್ಟೇ. ನಲ್ಲಿ ನೆಟ್ಟಿದ್ದಾರೆ, ನೀರು ತರುವುದು ಮಾತ್ರ ಊರಾಚೆಯ ಬೋರಿನಿಂದ ಅಂದರೆ ಬೋರು ಎಂದೇ ಬರೆಸಿ. ನೀವು ಇದೆ ಎಂದು ಹೇಳಿದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಊರಿನ ಕೆಲಸ ಮುಗಿದ ಹಾಗೆ.

ಪ್ರಶ್ನೆ: ನಮ್ಮದು ಚಿಂಚೋಳಿ ಕಾಡಿನ ಅಂಚಿನ ಊರು. ಫೋನ್ ಮಾಡಬೇಕಂದ್ರೆ ಗುಡ್ಡ ಹತ್ತಬೇಕು. ಆ್ಯಪ್‌ನಲ್ಲಿ ಗಣತಿ ಅಂದ್ರೆ ನಮ್ಮನ್ನು ಹೆಂಗ ಬರಕೊಳ್ತಾರೆ? — ಚಿಂಚೋಳಿ

ಉತ್ತರ: ನೆಟ್‌ವರ್ಕ್ ಇಲ್ಲದ ಕಡೆಯೂ ಆ್ಯಪ್ ನಡೆಯುತ್ತದೆ. ಗಣತಿದಾರರು ನಿಮ್ಮ ಮುಂದೆ ತುಂಬಿದ ಮಾಹಿತಿ ಅವರ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕ ಕಡೆ ಬಂದ ಮೇಲೆ ಮೇಲಕ್ಕೆ ಹೋಗುತ್ತದೆ. ಮೊಬೈಲ್ ಇಲ್ಲದ ಮನೆಯನ್ನೂ ಬಿಡುವ ಹಾಗಿಲ್ಲ. ಫೋನ್ ಇರಬೇಕಾದದ್ದು ಗಣತಿದಾರರ ಕೈಯಲ್ಲಿ.

ಹಳೆಯ ಪದ್ಧತಿಗೂ ಇದಕ್ಕೂ ಏನು ಫರಕು ಎಂಬುದನ್ನೂ ತಿಳಿದಿರಿ. 2001ರಲ್ಲಿ, 2011ರಲ್ಲಿ ಫಾರಂ ಕೈಯಲ್ಲಿ ಬರೆದು, ಕಟ್ಟು ಕಟ್ಟಿ ಕಳಿಸಿ, ಅವನ್ನೆಲ್ಲಾ ಸ್ಕ್ಯಾನ್ ಮಾಡಿ ಯಂತ್ರದಿಂದ ಅಕ್ಷರ ಓದಿಸುತ್ತಿದ್ದರು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು. 2011ರಲ್ಲಿ ಹೇಳಿದ ಮನೆಮಾತಿನ ಲೆಕ್ಕ ಹೊರಬಂದಿದ್ದು 2018ರಲ್ಲಿ! ಈಗ ಆ ತಡ ಇರುವುದಿಲ್ಲ. ವಯಸ್ಸು 5, ಮದುವೆ ಆಗಿದೆ ಎಂಬಂಥ ಹೊಂದದ ಉತ್ತರ ಬಿದ್ದರೆ ಆ್ಯಪ್ ಅಲ್ಲೇ ಎಚ್ಚರಿಸಬಹುದು. ಅದು ಒಳ್ಳೆಯದೇ. ಆದರೆ ಆ್ಯಪ್‌ಗೆ ಹೊಂದುವ ತಪ್ಪು ಉತ್ತರವೂ ಇರುತ್ತದಲ್ಲ. ಬೋರು ಎಂದು ನೀವು ಹೇಳಿದ್ದೀರಿ, ಬೆರಳು ಜಾರಿ ನಲ್ಲಿ ಎಂಬುದರ ಮೇಲೆ ಬಿತ್ತು, ಮುಂದಿನ ಪ್ರಶ್ನೆ ಬಂತು. ಅದನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುತ್ತಿರುವುದು ಒಂದೇ. ಮುಗಿದ ಮೇಲೆ, ಕಳಿಸುವ ಗುಂಡಿ ಒತ್ತುವ ಮುಂಚೆ, "ಸರ್, ಏನು ತುಂಬಿದ್ದೀರಿ ಒಂದು ಸಲ ಓದಿ ಹೇಳಿ" ಎಂದು ಕೇಳಿ. ಓದು ಬಂದವರು ಮನೆಯಲ್ಲಿದ್ದರೆ ಸ್ಕ್ರೀನ್ ನೋಡಿ. ಎರಡು ನಿಮಿಷದ ಕೆಲಸ. ಇದರಲ್ಲಿ ಗಣತಿದಾರರಿಗೆ ಅವಮಾನ ಏನೂ ಇಲ್ಲ. ಒಬ್ಬೊಬ್ಬರಿಗೆ ಸುಮಾರು 700–800 ಜನರ ಹೊಣೆ ಇರುತ್ತದೆ, ಬಿಸಿಲಲ್ಲಿ ಮನೆಯಿಂದ ಮನೆಗೆ ತಿರುಗಿ ಬಂದಿರುತ್ತಾರೆ. ನೀರು ಕೊಡಿ, ಕೂರಲು ಹೇಳಿ, ಆಮೇಲೆ ಓದಿಸಿ.

ಪ್ರಶ್ನೆ: ಮನೆಯಿಂದಲೇ ನಾವೇ ತುಂಬಬಹುದು ಅಂತ ಓದಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀನಿ. ಸೇಡಂನಲ್ಲಿ ಅಪ್ಪ ಅಮ್ಮ ಇಬ್ಬರೇ. ಅವರ ಮನೆಯದು ನಾನು ಇಲ್ಲಿಂದ ತುಂಬಲಾ? — ಸೇಡಂ

ಉತ್ತರ: ಗಣತಿದಾರರು ಬರುವುದಕ್ಕೆ ಮುಂಚಿನ 15 ದಿನ ಈ ಅವಕಾಶ ಇರುತ್ತದೆ. ಅದನ್ನು ಸ್ವಯಂ ಗಣತಿ ಎನ್ನುತ್ತಾರೆ. ಸರ್ಕಾರದ ಪೋರ್ಟಲ್‌ಗೆ ಹೋಗಿ ಮೊಬೈಲ್ ನಂಬರ್ ಕೊಟ್ಟು, ನಕ್ಷೆಯಲ್ಲಿ ಮನೆ ಎಲ್ಲಿದೆ ಎಂದು ಗುರುತು ಹಾಕಿ, ಪ್ರಶ್ನೆಗಳಿಗೆ ಉತ್ತರ ತುಂಬಬೇಕು. ಕನ್ನಡದಲ್ಲೇ ತುಂಬಬಹುದು. ಕೊನೆಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡು, ಗಣತಿದಾರರು ಮನೆಗೆ ಬಂದಾಗ ತೋರಿಸಬೇಕು. ಅವರು ನೋಡಿ ಒಪ್ಪಿಕೊಂಡರೆ ಮುಗಿಯಿತು. ನಾವೇ ತುಂಬಿದ್ದೀವಲ್ಲ, ಇನ್ನು ಅವರು ಬರುವುದಿಲ್ಲ ಎಂದುಕೊಳ್ಳಬೇಡಿ.

ನಿಮ್ಮ ವಿಷಯಕ್ಕೆ ಬಂದರೆ, ದೂರದಿಂದ ತುಂಬುವುದು ಬೇಡ ಎಂದೇ ನನ್ನ ಸಲಹೆ. ನಕ್ಷೆಯ ಗುರುತು ಓಣಿ ತಪ್ಪಿದರೆ ನಿಮ್ಮ ಮನೆಯ ಮಾಹಿತಿ ಬೇರೆ ಗಣತಿದಾರರ ಪಟ್ಟಿಗೆ ಹೋಗಿ ಕೂರುತ್ತದೆ. ಬಚ್ಚಲ ನೀರು ಈಗ ಚರಂಡಿಗೆ ಹೋಗುತ್ತಿದೆಯಾ ಎಂಬುದು ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಊರಿಗೆ ಹೋದಾಗ ಅಪ್ಪ ಅಮ್ಮನ ಪಕ್ಕ ಕೂತು ತುಂಬಿ. ಆಗದಿದ್ದರೆ ಬಿಡಿ, ಗಣತಿದಾರರು ಬಂದೇ ಬರುತ್ತಾರೆ. ನೀವು ಬಾಡಿಗೆಗೆ ಇರುವ ಬೆಂಗಳೂರಿನ ಮನೆಯದನ್ನು ಮಾತ್ರ ತಪ್ಪದೆ ತುಂಬಿ.

ಪ್ರಶ್ನೆ: ಗಣತಿ ಹೆಸರಲ್ಲಿ ಫೋನ್ ಮಾಡಿ ಒಟಿಪಿ ಕೇಳಿದರೆ ಏನು ಮಾಡೋದು? ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದಿಡಬೇಕಾ? — ಹುಮನಾಬಾದ್

ಉತ್ತರ: ಏನನ್ನೂ ತೆಗೆದಿಡಬೇಡಿ. 33 ಪ್ರಶ್ನೆಗಳಲ್ಲಿ ಆಧಾರ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಆದಾಯವೂ ಇಲ್ಲ. ದಾಖಲೆ ತೋರಿಸಿ ಎಂದು ಕೇಳುವ ಕೆಲಸ ಇದಲ್ಲ, ನೀವು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಒಟಿಪಿ ಬರುವುದು ನೀವೇ ಪೋರ್ಟಲ್‌ನಲ್ಲಿ ತುಂಬುವಾಗ, ಅದನ್ನು ಹಾಕುವವರೂ ನೀವೇ. ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ವಾಟ್ಸ್ಆ್ಯಪ್‌ನಲ್ಲಿ "ಗಣತಿ ಆ್ಯಪ್" ಎಂದು ಫೈಲ್ ಬಂದರೆ ಮುಟ್ಟಬೇಡಿ. ಮನೆಗೆ ಬಂದವರ ಹತ್ತಿರ ಗುರುತಿನ ಚೀಟಿ ಇರುತ್ತದೆ, ಕೇಳಿ ನೋಡಿ. ದುಡ್ಡು ಹೋಯಿತು ಎಂದು ಅನುಮಾನ ಬಂದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಆಯಿ ಇವತ್ತಿಗೂ ಮುತ್ಯಾನ ಹೆಸರು ಬಾಯಿಬಿಟ್ಟು ಹೇಳಲ್ಲ. ಮನೇಲಿ ಒಬ್ಬಳೇ ಇರ್ತಾಳೆ. ಗಣತಿಯವರು ಕೇಳಿದರೆ ಏನು ಮಾಡಬೇಕು? — ಸುರಪುರ

ಉತ್ತರ: ಆಯಿ ಹೇಳಬೇಕಾಗಿಲ್ಲ. ಇದನ್ನು 1948ರ ಕಾಯ್ದೆಯೇ ಒಪ್ಪಿಕೊಂಡಿದೆ. ಅದರ 8ನೇ ಕಲಂನಲ್ಲಿ, ಯಾವ ಹೆಂಗಸೂ ತನ್ನ ಗಂಡನ ಅಥವಾ ತೀರಿಕೊಂಡ ಗಂಡನ ಹೆಸರನ್ನು, ಪದ್ಧತಿಯ ಪ್ರಕಾರ ತಾನು ಹೇಳಬಾರದ ಬೇರೆ ಯಾರ ಹೆಸರನ್ನೂ ಹೇಳಲೇಬೇಕು ಎಂದಿಲ್ಲ ಎಂದು ಬರೆದಿದೆ. ಕಾಯ್ದೆ ಮಾಡಿದವರು ನಮ್ಮ ಹಳ್ಳಿಯ ಮನೆಗಳನ್ನು ತಿಳಿದಿದ್ದರು, ನನಗೆ ಬಹಳ ಇಷ್ಟವಾದ ಮಾತು ಇದು. ಮದುವೆ ಮನೆಯಲ್ಲಿ ಒಡಪು ಹಾಕಿ ಹೆಸರು ಹೇಳಿಸುವ ಹಾಗೆ ಆಯಿಯನ್ನು ಬಾಗಿಲಲ್ಲಿ ನಿಲ್ಲಿಸಿ ಕಾಡಿಸಬೇಡಿ. ಪಕ್ಕದ ಮನೆಯವರು ಹೇಳಿದರೂ ಸಾಕು, ನೀವು ಚೀಟಿಯಲ್ಲಿ ಬರೆದುಕೊಟ್ಟು ಹೋದರೂ ಸಾಕು.

ಪ್ರಶ್ನೆ: ಜಾತಿ ಈ ಸಲ ಬರೀತಾರಾ? — ಶಹಾಪುರ, ಭಾಲ್ಕಿ ಮತ್ತು ಜೇವರ್ಗಿಯಿಂದ ಹಲವರು

ಉತ್ತರ: ಬರೆಯುತ್ತಾರೆ, ಆದರೆ ಎರಡನೇ ಹಂತದಲ್ಲಿ. ಮನೆಪಟ್ಟಿಯಲ್ಲಿ ಕುಟುಂಬದ ಯಜಮಾನರು ಪರಿಶಿಷ್ಟ ಜಾತಿಯೋ, ಪರಿಶಿಷ್ಟ ಪಂಗಡವೋ, ಇತರೆಯೋ ಎಂದಷ್ಟೇ ಕೇಳುತ್ತಾರೆ. ಎಲ್ಲರ ಜಾತಿಯನ್ನೂ ಗಣತಿಯಲ್ಲಿ ಸೇರಿಸುವ ತೀರ್ಮಾನವನ್ನು ಕೇಂದ್ರ 2025ರ ಏಪ್ರಿಲ್ 30ರಂದು ಪ್ರಕಟಿಸಿತು. ಹೀಗೆ ಎಲ್ಲ ಜಾತಿಗಳ ಪೂರ್ತಿ ಲೆಕ್ಕ ಗಣತಿಯಲ್ಲಿ ಕೊನೆಯದಾಗಿ ಪ್ರಕಟವಾಗಿದ್ದು 1931ರಲ್ಲಿ. ಆಗ ನಮ್ಮ ಮೂರೂ ಜಿಲ್ಲೆಗಳ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು.

ಒಂದೇ ಮನೆಯಲ್ಲಿ ಅಣ್ಣ ಒಂದು ಹೆಸರು, ತಮ್ಮ ಇನ್ನೊಂದು ಹೆಸರು ಹೇಳಿದರೆ ಲೆಕ್ಕ ಹರಿದು ಹಂಚಿಹೋಗುತ್ತದೆ. ಮನೆಯವರೆಲ್ಲಾ ಮೊದಲೇ ಕೂತು ಮಾತಾಡಿಕೊಳ್ಳಿ. ಯಾರೋ ಭಾಷಣದಲ್ಲಿ ಹೇಳಿದ ಹೆಸರು ಬೇಡ, ನಿಮ್ಮ ಮನೆತನ ಯಾವುದೋ ಅದನ್ನು ಹೇಳಿ.

ಪ್ರಶ್ನೆ: ನಾನು ತಾಂಡಾದ ಶಾಲೆಯಲ್ಲಿ ಪಾಠ ಮಾಡ್ತೀನಿ. ಮಕ್ಕಳು ಮನೇಲಿ ಲಂಬಾಣಿ ಮಾತಾಡ್ತಾರೆ, ಆದರೆ ಅಪ್ಪ ಅಮ್ಮ ಕನ್ನಡ ಅಂತ ಬರೆಸ್ತಾರೆ. ಯಾವುದು ಸರಿ? — ಔರಾದ್

ಉತ್ತರ: ಮನೆಮಾತು ಲಂಬಾಣಿ ಆದರೆ ಲಂಬಾಣಿ ಎಂದೇ ಬರೆಸಬೇಕು ಮೇಡಂ. ಕನ್ನಡ ಗೊತ್ತಿದ್ದರೆ ಅದನ್ನು ತಿಳಿದ ಬೇರೆ ಭಾಷೆ ಎಂದು ಹೇಳಬಹುದು. 2011ರಲ್ಲಿ ಮನೆಮಾತು ಬಿಟ್ಟು ಇನ್ನೂ ಎರಡು ಭಾಷೆ ಬರೆಸಲು ಅವಕಾಶ ಇತ್ತು. ಬೀದರ್ ಜಿಲ್ಲೆಯಲ್ಲಿ ಮರಾಠಿ, ಉರ್ದು, ತೆಲುಗು ಮನೆಮಾತಿನವರಿಗೂ ಇದೇ ಉತ್ತರ. ಕನ್ನಡದ ಅಭಿಮಾನ ನನಗೂ ಇದೆ. ಆದರೆ ಮಗುವಿಗೆ ಮನೆಯಲ್ಲಿ ಕೇಳದ ಭಾಷೆಯಲ್ಲಿ ಶಾಲೆ ಶುರುವಾದರೆ ಎಷ್ಟು ಕಷ್ಟ ಎಂಬುದು ಪಾಠ ಮಾಡುವ ನಿಮಗೇ ಗೊತ್ತು. ಅಂಥ ಮಕ್ಕಳು ಎಷ್ಟಿದ್ದಾರೆ ಎಂಬುದು ನಿಜವಾಗಿ ತಿಳಿಯಬೇಕು.

2011ರ ಪಟ್ಟಿಯಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಒಂದು ಸಾಲಾಗಿ ಸೇರಿಸಿದ್ದರು. ಆ ಸಾಲಿನಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಬೇರೆ ಹೆಸರು ಬರೆಸಿದ ಎಷ್ಟೋ ಮನೆಗಳು ಆ ಸಂಖ್ಯೆಯಿಂದ ಹೊರಗೇ ಉಳಿದಿರುತ್ತವೆ.

ಪ್ರಶ್ನೆ: ಇಷ್ಟೆಲ್ಲಾ ಮಾಡಿ ನಮ್ಮ ಭಾಗಕ್ಕೆ ಏನು ಸಿಗುತ್ತೆ ಸರ್? ಸುಮ್ನೆ ಸಂಖ್ಯೆ ಅಷ್ಟೇ ಅಲ್ವಾ? — ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಕೋಪ ಅರ್ಥ ಆಗುತ್ತದೆ. ಆದರೆ ಸಂಖ್ಯೆ ಇಲ್ಲದೆ ಇದ್ದದ್ದರಿಂದ ಏನಾಗಿದೆ ನೋಡಿ. 2011ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ 25,66,326 ಜನ, ಬೀದರ್‌ನಲ್ಲಿ 17,03,300, ಯಾದಗಿರಿಯಲ್ಲಿ 11,74,271. ಇಂದಿಗೂ ಗಣತಿಯ ಲೆಕ್ಕ ಅಂದರೆ ಇದೇ. ಆಗ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಅಗ್ಗದ ಧಾನ್ಯ ಕೊಡುವ 2013ರ ಆಹಾರ ಭದ್ರತಾ ಕಾಯ್ದೆ ದೇಶದಲ್ಲಿ 81.35 ಕೋಟಿ ಜನಕ್ಕೆ ಎಂದು ಮಿತಿ ಹಾಕಿಕೊಂಡಿದ್ದು 2011ರ ಜನಸಂಖ್ಯೆಯ ಮೇಲೆ. ಆಮೇಲೆ ಜನ ಹೆಚ್ಚಾದರು, ಮಿತಿ ಹೆಚ್ಚಾಗಲಿಲ್ಲ.

ಇನ್ನೊಂದು ಸಂಗತಿ. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಹುಲಸೂರು, ಚಿಟಗುಪ್ಪ, ಕಮಲನಗರ, ಹುಣಸಗಿ, ವಡಗೇರಾ, ಗುರುಮಠಕಲ್ ಇವೆಲ್ಲಾ 2011ರ ನಂತರ ಆದ ತಾಲ್ಲೂಕುಗಳು. ಇವುಗಳ ಹೆಸರಲ್ಲಿ ಒಂದು ಗಣತಿಯೂ ಇನ್ನೂ ಆಗಿಲ್ಲ. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಅಳೆದು ಅನುದಾನ ಹಂಚುವ ಭಾಗ ನಮ್ಮದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂದು ಇಷ್ಟು ವರ್ಷ ಆಯಿತು. ಯಡ್ರಾಮಿ ತಾಲ್ಲೂಕಿನಲ್ಲಿ ಓದು ಬರದ ಹೆಣ್ಣುಮಕ್ಕಳು ಎಷ್ಟು ಎಂದು ಕೇಳಿದರೆ ಹಳೇ ಜೇವರ್ಗಿ ತಾಲ್ಲೂಕಿನ ಅಂಕಿ ಹಿಡಿದು ಹಳ್ಳಿ ಹಳ್ಳಿ ಕೂಡಿಸಿ ಲೆಕ್ಕ ಹಾಕಬೇಕು, ಅದೂ 2011ರದು. ಈ ಗಣತಿಗೆ ಜಿಲ್ಲೆ, ತಾಲ್ಲೂಕು, ಹಳ್ಳಿಗಳ ಗಡಿಯನ್ನು 2025ರ ಡಿಸೆಂಬರ್ 31ಕ್ಕೆ ಇದ್ದ ಹಾಗೆ ನಿಲ್ಲಿಸಿದ್ದಾರೆ. ಹಾಗಾಗಿ ಹೊಸ ತಾಲ್ಲೂಕುಗಳಿಗೆ ಮೊದಲ ಸಲ ತಮ್ಮದೇ ಲೆಕ್ಕ ಸಿಗುತ್ತದೆ.

2011ರಲ್ಲಿ ರಾಜ್ಯದ ಸಾಕ್ಷರತೆ 75.36 ಇದ್ದಾಗ ಬೀದರ್ 70.51, ಕಲಬುರಗಿ 64.85, ಯಾದಗಿರಿ 51.83. ಇಡೀ ರಾಜ್ಯದಲ್ಲಿ ಕೊನೆಯ ಜಾಗ ಯಾದಗಿರಿಯದು. ಅಲ್ಲಿಂದ ಎಷ್ಟು ಮುಂದೆ ಬಂದಿದ್ದೇವೆ, ದುಡ್ಡು ಬಂದ ಕಡೆ ಕೆಲಸ ಆಗಿದೆಯಾ, ಇದನ್ನು ಕೇಳಲು ನಿಮ್ಮಂಥವರ ಕೈಗೆ ಹೊಸ ಅಂಕಿ ಬೇಕು. ಲೋಕಸಭೆ, ವಿಧಾನಸಭೆ ಕ್ಷೇತ್ರಗಳ ಮರುಹಂಚಿಕೆ, ಹೆಣ್ಣುಮಕ್ಕಳಿಗೆ ಮೀಸಲು, ಎಲ್ಲಕ್ಕೂ ಗಣತಿಯ ನಂಟಿದೆ, ಅದನ್ನು ಬೇರೆ ಸಂಚಿಕೆಯಲ್ಲಿ ಬರೆಯುತ್ತೇನೆ. ನಿಮ್ಮ ಓಣಿಯಲ್ಲಿ ಮೊಬೈಲ್ ಬಾರದ ಹಿರಿಯರು ಇದ್ದರೆ ಗಣತಿ ದಿನ ಅವರ ಜೊತೆ ಕೂತು ಸ್ಕ್ರೀನ್ ಓದಿ ಹೇಳಿ.

ಪ್ರಶ್ನೆ: ನಮ್ಮ ಮನೆಗೆ ಬರಲೇ ಇಲ್ಲ ಅಂದರೆ ಯಾರನ್ನು ಕೇಳಬೇಕು? — ಅಫಜಲಪುರ

ಉತ್ತರ: ಹಳ್ಳಿಯಲ್ಲಾದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ, ಇಲ್ಲವೇ ಊರಿನ ಶಾಲೆಯ ಮಾಸ್ತರರ ಹತ್ತಿರ ಕೇಳಿ, ನಿಮ್ಮ ಓಣಿಯ ಗಣತಿದಾರರು ಯಾರು ಎಂದು ಅಲ್ಲಿ ಗೊತ್ತಿರುತ್ತದೆ. ಅಲ್ಲಿ ಆಗದಿದ್ದರೆ ತಹಶೀಲ್ದಾರ್ ಕಚೇರಿ. ನಗರದಲ್ಲಾದರೆ ಪಾಲಿಕೆ ಅಥವಾ ನಗರಸಭೆ. ಹೊಲದ ಮನೆಯಲ್ಲಿ ಇರುವವರು ಕಾಯುತ್ತಾ ಕೂರಬೇಡಿ. ಊರಿಂದ ದೂರ ಇರುವ ಒಂಟಿ ಮನೆ ತಪ್ಪಿಹೋಗುವುದು ಸುಲಭ, ಗಣತಿ ಶುರುವಾದ ಮೊದಲ ವಾರದಲ್ಲೇ ಹೋಗಿ ನಿಮ್ಮ ಮನೆ ಪಟ್ಟಿಯಲ್ಲಿದೆಯಾ ಎಂದು ಕೇಳಿ ಬನ್ನಿ.